ಗುಳೇದಗುಡ್ಡದ ಖಣಕ್ಕ ಗೂಗಲ್ ಸರ್ಚ್ ಕನ್ಸೋಲ್

ನಮ್ಮದು ಗುಳೇದಗುಡ್ಡದಾಗ ಖಣದ, ಅಂದ್ರ ಕುಪ್ಪಸದ ಬಟ್ಟೆಯ ಅಂಗಡಿ. ಸಣ್ಣದೊಂದು ವೆಬ್‌ಸೈಟೂ ಐತಿ. ಹೋದ ವರ್ಷ ಒಂದು ಏಜೆನ್ಸಿಯವರು ‘ಟ್ರಾಫಿಕ್, ಅಂದ್ರ ಸೈಟಿಗೆ ಮಂದಿ, ತರತೀವ್ರಿ’ ಅಂತ ರೊಕ್ಕ ಇಸ್ಕೊಂಡು ಗ್ರಾಫ್ ತೋರಿಸಿದರು. ಗೆರಿ ಗುಡ್ಡ ಏರಿದಂಗ ಏರಿತ್ತು, ಆರ್ಡರ್ ಒಂದೂ ಇಲ್ಲ. ಬಂದವರೆಲ್ಲ ಯಾವ ದೇಶದವರೋ, ಎರಡು ಸೆಕೆಂಡ್ ನಿಂತು ಹೋದವರು.

ಆಮ್ಯಾಲೆ ಮಗಳು ಸರ್ಚ್ ಕನ್ಸೋಲ್ ಜೋಡಿಸಿ ಕೊಟ್ಟಳು. ಪುಕ್ಕಟೆ. ಮಂದಿ ಗೂಗಲ್‌ನಾಗ ಏನು ಹುಡುಕಿದಾಗ ನಮ್ಮ ಪುಟ ಕಂಡಿತು, ಎಷ್ಟು ಸಲ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ, ಎಲ್ಲಾ 16 ತಿಂಗಳ ಹಿಂದಿನ ತನಕ ತೋರಸ್ತೈತಿ. ನಾವು ‘ಕುಪ್ಪಸದ ಬಟ್ಟೆ’ ಅಂತ ಬರಕೊಂಡು ಕುಂತಿದ್ವಿ. ಮಂದಿ ಹುಡುಕೋದು ‘ಖಣದ ಸೀರೆ’! ಆ ಹೆಸರಿನ ಪುಟ ಮಾಡಿದ ಹದಿನೈದು ದಿನಕ್ಕ ಪುಣೆಯಿಂದ ಫೋನ್ ಬಂತು. ಮರಾಠಿಯಾಗ ಮಾತಾಡಿದ್ರು, ನಾನೂ ಹೆಂಗೋ ನಿಭಾಯಿಸಿದೆ.

ಕೊರತೆ ಅಂದ್ರ, ಇದು ಗೂಗಲ್ ಬಾಗಿಲದಿಂದ ಬಂದವರ ಲೆಕ್ಕ ಅಷ್ಟ. ನಮ್ಮ ಗಿರಾಕಿ ಅರ್ಧ ವಾಟ್ಸಾಪ್, ಇನ್‌ಸ್ಟಾಗ್ರಾಮ್‌ದಿಂದ ಬರತಾರ. ಆ ಓಣಿಯ ಲೆಕ್ಕ ಇಲ್ಲಿ ಸಿಗಲ್ಲ. ಪಕ್ಕದ ಅಂಗಡಿ ಸೈಟಿನ ಗುಟ್ಟೂ ಸಿಗಲ್ಲ. ಮೊದಲು ಅದಕ್ಕ, ಸೈಟಿಗೆ ಬರೋ ಮಂದಿ ನೋಡಿ ಸ್ಥಾನ ಕೊಡೋ ಅಮೆಜಾನ್‌ದವರ ಅಲೆಕ್ಸಾ ರ‍್ಯಾಂಕ್ ಇತ್ತು, 2022ರ ಮೇ 1ಕ್ಕ ಮುಚ್ಚಿದರು.

ನನ್ನ ಕಡೆಯಿಂದ ಐದಕ್ಕ ನಾಲ್ಕು ಚುಕ್ಕಿ. ಏಜೆನ್ಸಿಯವರು ಇನ್ನೂ ಫೋನ್ ಮಾಡತಾರ, ನಾ ಎತ್ತಂಗಿಲ್ಲ.