ಮೇಲ್ ಸರ್ವರಿಗೆ ಎಸ್ಇಲಿನಕ್ಸೋ ಆ್ಯಪ್‌ಆರ್ಮರೋ: ಎರಡನ್ನೂ ಓಡಿಸಿ ನೋಡಿದ ಮೇಲೆ

ಮೇಲ್ ಕಳಿಸುವ, ಪಡೆಯುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್, 25ರ ಜೊತೆಗೆ 2525ನೇ ಪೋರ್ಟಿನಲ್ಲೂ ಮೇಲ್ ತೆಗೆದುಕೊಳ್ಳಲಿ ಎಂದು ಕಾನ್ಫಿಗ್ ಫೈಲಿಗೆ ಒಂದು ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದೆ. ಒಂದು ಯಂತ್ರದಲ್ಲಿ ತಕರಾರಿಲ್ಲದೆ ಎದ್ದಿತು. ಇನ್ನೊಂದರಲ್ಲಿ ಏಳಲೇ ಇಲ್ಲ. ಲಾಗ್ ತೆರೆದರೆ 2525ಕ್ಕೆ ಬೈಂಡ್ ಆಗಲು, ಅಂದರೆ ಆ ಪೋರ್ಟನ್ನು ಹಿಡಿದುಕೊಳ್ಳಲು, 'ಪರ್ಮಿಷನ್ ಡಿನೈಡ್'. ಎರಡರಲ್ಲೂ ಅದೇ ಪೋಸ್ಟ್‌ಫಿಕ್ಸ್, ಬಂದ ಮೇಲ್ ಓದಲು ಕೊಡುವ ಅದೇ ಡವ್‌ಕಾಟ್, ಸಾಲಿಗೆ ಸಾಲು ಅದೇ ಕಾನ್ಫಿಗ್. ಮೊದಲನೆಯದರಲ್ಲಿ ಆ್ಯಪ್‌ಆರ್ಮರ್ ಇತ್ತು, ಎರಡನೆಯದರಲ್ಲಿ ಎಸ್ಇಲಿನಕ್ಸ್. ಎರಡೂ, ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದು ಎಂದು ಕಾಯುವ ಲಿನಕ್ಸಿನ ಕಾವಲು ವ್ಯವಸ್ಥೆಗಳು. ಹೋಲಿಸಿ ನೋಡಬೇಕೆಂದೇ ಈ ಜೋಡಿ ಯಂತ್ರ ಕಟ್ಟಿಕೊಂಡಿದ್ದೆ. ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟೆ: ಆ್ಯಪ್‌ಆರ್ಮರ್ ಗೆದ್ದಿತು. ಅದು ತಪ್ಪು ಅಂತ ಗೊತ್ತಾಗಲು ಕೆಲವು ವಾರ ಹಿಡಿಯಿತು.

ಮೊದಲು ಆ ದೋಷದ ಸಾಲಿನ ಬಗ್ಗೆ ಒಂದು ಮಾತು. ನೆಟ್‌ವರ್ಕ್ ತೊಂದರೆ ಹುಡುಕುವಾಗ ದೋಷವನ್ನು ಪದ ಬಿಡದೆ ಓದಿದರೆ ಅರ್ಧ ಕೆಲಸ ಮುಗಿದಂತೆ. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಪ್ಯಾಕೆಟ್ ಆ ಕಡೆ ಮುಟ್ಟಿದೆ, ಸಾಮಾನ್ಯವಾಗಿ ಆ ಪೋರ್ಟಿನಲ್ಲಿ ಕೇಳುತ್ತಿರುವ ಪ್ರೋಗ್ರಾಂ ಇಲ್ಲ. 'ಟೈಮ್ಡ್ ಔಟ್' ಬಂದರೆ ಪ್ಯಾಕೆಟ್ ದಾರಿಯಲ್ಲೆಲ್ಲೋ ಮಾಯವಾಗುತ್ತಿದೆ. ಹೊರಹೋಗುವ 25ನೇ ಪೋರ್ಟನ್ನು ಸೇವಾದಾತರು ಮುಚ್ಚಿದ್ದಾಗ ಹೆಚ್ಚಾಗಿ ಕಾಣುವುದು ಇದೇ. 'ನೋ ರೂಟ್ ಟು ಹೋಸ್ಟ್' ಬಂದಾಗ ರೂಟಿಂಗ್ ಟೇಬಲ್ ಒಂದನ್ನೇ ನೋಡಿದರೆ ಸಾಲದು, ಎದುರಿನ ಯಂತ್ರದ ಫೈರ್‌ವಾಲ್ ಐಸಿಎಂಪಿ ಎಂಬ ದೋಷ-ಸಂದೇಶ ಕಳಿಸಿ ತಿರಸ್ಕರಿಸಿದರೂ ಇದೇ ಸಾಲು ಬರುತ್ತದೆ. 'ಪರ್ಮಿಷನ್ ಡಿನೈಡ್' ಈ ಗುಂಪಿಗೆ ಸೇರಿದ್ದಲ್ಲ. 1024ಕ್ಕಿಂತ ಕೆಳಗಿನ ಪೋರ್ಟಿಗೆ ರೂಟ್ ಅಧಿಕಾರ ಬೇಕು ಎಂಬ ಹಳೆಯ ನಿಯಮವೂ ಇಲ್ಲಿ ಅನ್ವಯಿಸುವುದಿಲ್ಲ: ಪೋರ್ಟು 2525, ತೆರೆಯುತ್ತಿರುವ ಪೋಸ್ಟ್‌ಫಿಕ್ಸ್ ಮಾಸ್ಟರ್ ಓಡುವುದೇ ರೂಟ್ ಆಗಿ. ರೂಟಿಗೂ 'ಇಲ್ಲ' ಅನ್ನುತ್ತಿದೆ ಎಂದರೆ ತಡೆ ಇರುವುದು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಒಳಗೆ. ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿಕೊಂಡು ಕೂತರೆ ಏನೂ ಸಿಗುವುದಿಲ್ಲ, ಪ್ಯಾಕೆಟ್ ಹುಟ್ಟುವ ಮೊದಲೇ ಎಲ್ಲ ಮುಗಿದಿರುತ್ತದೆ.

ಎಸ್ಇಲಿನಕ್ಸ್, ಆ್ಯಪ್‌ಆರ್ಮರ್ ಎರಡೂ ನಿಂತಿರುವುದು ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ಸ್ ಎಂಬ ಒಂದೇ ಚೌಕಟ್ಟಿನ ಮೇಲೆ. ಎಸ್ಇಲಿನಕ್ಸನ್ನು ಅಮೆರಿಕದ ಗುಪ್ತಚರ ಸಂಸ್ಥೆ ಎನ್ಎಸ್ಎ 2000ದಲ್ಲಿ ಹೊರತಂದಿತು, 2003ರ 2.6 ಕರ್ನಲ್ಲಿಗೆ ಅದು ಸೇರಿತು. ಆ್ಯಪ್‌ಆರ್ಮರ್ ಇಮ್ಯೂನಿಕ್ಸ್ ಕಂಪನಿಯಲ್ಲಿ ಸಬ್‌ಡೊಮೇನ್ ಎಂಬ ಹೆಸರಲ್ಲಿ ಹುಟ್ಟಿ, ನೋವೆಲ್ ಕೈ ದಾಟಿ, 2010ರಲ್ಲಿ 2.6.36ಕ್ಕೆ ಬಂತು. ಸ್ವಭಾವ ಮಾತ್ರ ಪೂರಾ ಬೇರೆ. ಎಸ್ಇಲಿನಕ್ಸ್ ಪ್ರತಿ ಪ್ರಕ್ರಿಯೆಗೆ, ಪ್ರತಿ ಫೈಲಿಗೆ, ಪೋರ್ಟಿಗೂ ಒಂದು ಲೇಬಲ್ ಅಂಟಿಸಿ, ಈ ಲೇಬಲ್ಲಿನವರು ಆ ಲೇಬಲ್ಲನ್ನು ಮುಟ್ಟಬಹುದೇ ಎಂದು ಕೇಳುತ್ತದೆ. ಆ್ಯಪ್‌ಆರ್ಮರ್ ಫೈಲಿನ ದಾರಿಯನ್ನು ನೋಡುತ್ತದೆ: ಈ ಪ್ರೋಗ್ರಾಂ ಈ ಪಾತ್ ಓದಬಹುದೇ, ಬರೆಯಬಹುದೇ. ಫೈಲುಗಳ ಮಟ್ಟಿಗೆ ಎರಡರಲ್ಲೂ ಮಾಮೂಲಿ ಓನರ್-ಗ್ರೂಪ್ ಅನುಮತಿಯ ತಪಾಸಣೆ ಮೊದಲು, ಇವುಗಳ ಸರದಿ ಆಮೇಲೆ. ಆದ್ದರಿಂದ ಇವುಗಳ ನಿರಾಕರಣೆ ದಾಖಲಾಗುವ ಆಡಿಟ್ ಲಾಗಿನಲ್ಲಿ ಏನೂ ಇಲ್ಲದೆ ಮೇಲ್ ಲಾಗಿನಲ್ಲಿ ಮಾತ್ರ 'ಪರ್ಮಿಷನ್ ಡಿನೈಡ್' ಇದ್ದರೆ ನಾನು ಮೊದಲು ನೋಡುವುದು ಡೈರೆಕ್ಟರಿಯ ಅನುಮತಿಯನ್ನೇ.

2525ರ ತೊಂದರೆ ಎಸ್ಇಲಿನಕ್ಸಿನಲ್ಲಿ ಒಂದೇ ಕಮಾಂಡಿಗೆ ಬಗೆಹರಿಯಿತು. ಎಸ್ಇಲಿನಕ್ಸಿನ ಹೊಂದಿಕೆ ಬದಲಿಸುವ ಸೆಮ್ಯಾನೇಜ್ ಪೋರ್ಟ್ ಬಳಸಿ ಆ ಪೋರ್ಟನ್ನು ಮೇಲ್ ಸಾಗಿಸುವ ಎಸ್‌ಎಂಟಿಪಿ ಪೋರ್ಟುಗಳ ಪಂಗಡಕ್ಕೆ ಸೇರಿಸಿದೆ, ಅಷ್ಟೆ. ನಾನು ಓಡಿಸುತ್ತಿದ್ದ ಆ್ಯಪ್‌ಆರ್ಮರಿನಲ್ಲಿ ಟಿಸಿಪಿ ಬಳಸಬಹುದು ಅಥವಾ ಬಳಸಬಾರದು ಎಂದು ಹೇಳಲು ಬರುತ್ತಿತ್ತು, ಪೋರ್ಟಿನ ಸಂಖ್ಯೆ ಹಿಡಿದು ತಡೆಯಲು ಬರುತ್ತಿರಲಿಲ್ಲ. ಮೇಲ್ ಸರ್ವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಒಳನುಗ್ಗಿದವನು ಗುರುತಿಲ್ಲದ ಪೋರ್ಟೊಂದನ್ನು ತೆರೆದು ಕೂರಬಾರದು ಎಂಬುದೇ ಅಲ್ಲವೇ ಈ ಕಾವಲಿನ ಒಂದು ಮುಖ್ಯ ಉದ್ದೇಶ.

ಎಸ್ಇಲಿನಕ್ಸ್ ನನ್ನನ್ನು ಹೆಚ್ಚು ಕಾಡಿದ್ದು ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್ಎಸ್ ಕೀ ವಿಷಯದಲ್ಲಿ. ಕೀ ಫೈಲನ್ನು ಹೋಮ್ ಡೈರೆಕ್ಟರಿಯಲ್ಲಿ ತಯಾರಿಸಿ, ಸರ್ಟಿಫಿಕೇಟುಗಳ ಜಾಗಕ್ಕೆ ಎಂವಿ (ಸ್ಥಳಾಂತರ) ಮಾಡಿದೆ. ಓನರ್ ಸರಿ, ಅನುಮತಿ 600, ಪಾತ್ ಸರಿ. ಆದರೂ ಡವ್‌ಕಾಟ್‌ಗೆ ಅದನ್ನು ಓದಲಾಗಲಿಲ್ಲ. ಎಂವಿ ಮಾಡಿದಾಗ ಹಳೆಯ ಲೇಬಲ್ ಜೊತೆಗೇ ಬರುತ್ತದೆ. ಸಿಪಿ (ನಕಲು) ಮಾಡಿದ್ದರೆ ಹೊಸ ಜಾಗದ ಲೇಬಲ್ ಸಿಗುತ್ತಿತ್ತು. ಎಲ್‌ಎಸ್‌ಗೆ ದೊಡ್ಡಕ್ಷರದ ಜೆಡ್ ಆಯ್ಕೆ ಕೊಟ್ಟು ನೋಡಿದಾಗ ಅದು ಇನ್ನೂ ಹೋಮ್ ಡೈರೆಕ್ಟರಿಯ ಫೈಲು ಎಂದೇ ತೋರಿಸುತ್ತಿತ್ತು. ಜಾಗಕ್ಕೆ ತಕ್ಕ ಲೇಬಲ್ ಮತ್ತೆ ಹಾಕುವ ರೀಸ್ಟೋರ್‌ಕಾನ್ ಓಡಿಸಿದ ಮೇಲೆ ಸರಿಹೋಯಿತು. ಮೇಲ್‌ಗಳನ್ನು ಹೊಸ ಡಿಸ್ಕಿಗೆ ಒಯ್ದಾಗಲೂ ಇದೇ ಕತೆ. ಆ ಡೈರೆಕ್ಟರಿ ಮೇಲ್_ಸ್ಪೂಲ್_ಟಿ ಲೇಬಲ್ಲಿನದು ಎಂದು ಸೆಮ್ಯಾನೇಜ್‌ಗೆ ಮೊದಲು ಹೇಳಿ, ಆಮೇಲೆ ರೀಸ್ಟೋರ್‌ಕಾನ್ ಓಡಿಸಬೇಕು. ಕೇವಲ ಸಿಎಚ್‌ಕಾನ್ ಬಳಸಿ ಲೇಬಲ್ ಬದಲಿಸಿದರೆ ಮುಂದೊಂದು ದಿನ ಪೂರ್ತಿ ರೀಲೇಬಲ್ ಆದಾಗ ಎಲ್ಲ ಮೊದಲಿನಂತಾಗುತ್ತದೆ.

ಇದೆಲ್ಲ ತಿಳಿಯುವ ಮೊದಲು ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಲಾಗಿನಲ್ಲಿದ್ದ ನಿರಾಕರಣೆಗಳನ್ನೆಲ್ಲ ಅವುಗಳಿಂದ ಅನುಮತಿ ನಿಯಮ ಬರೆದುಕೊಡುವ ಆಡಿಟ್‌2ಅಲೋಗೆ ಸುರಿದು, ಅದು ಕೊಟ್ಟ ಮಾಡ್ಯೂಲನ್ನು ಓದದೆ ಹಾಕಿಬಿಟ್ಟೆ. ಕೀ ಸಮಸ್ಯೆ ಮಾಯವಾಯಿತು. ಆದರೆ ಆ ಮಾಡ್ಯೂಲ್ ಹೇಳುತ್ತಿದ್ದದ್ದು, ಹೋಮ್ ಡೈರೆಕ್ಟರಿಗಳಲ್ಲಿ ಆ ಲೇಬಲ್ ಹೊತ್ತ ಯಾವ ಫೈಲನ್ನಾದರೂ ಡವ್‌ಕಾಟ್ ಓದಬಹುದು ಎಂದು. ಒಂದು ಫೈಲಿನ ಲೇಬಲ್ ತಪ್ಪಿದ್ದಕ್ಕೆ ನಿಯಮವನ್ನೇ ಸಡಿಲಿಸಿದ್ದೆ. ಅದನ್ನು ಕಿತ್ತುಹಾಕಿದೆ. ಈಗ ನನ್ನ ಕ್ರಮ ಹೀಗೆ: ಲೇಬಲ್ ಸರಿಯಿದೆಯೇ, ಇದಕ್ಕೆಂದೇ ಯಾವುದಾದರೂ ಬೂಲಿಯನ್ (ಆನ್-ಆಫ್ ಸ್ವಿಚ್) ಇದೆಯೇ, ಪೋರ್ಟ್ ಪಂಗಡ ಸರಿಯಿದೆಯೇ. ಮೂರೂ ಅಲ್ಲವಾದರೆ ಮಾತ್ರ ಹೊಸ ನಿಯಮ. ಕೆಲವು ನಿರಾಕರಣೆಗಳನ್ನು ಪಾಲಿಸಿಯೇ (ಎಸ್ಇಲಿನಕ್ಸಿನ ನಿಯಮಾವಳಿ) ಲಾಗಿಗೆ ಬರದಂತೆ ಮುಚ್ಚಿಟ್ಟಿರುತ್ತದೆ ಎಂಬುದನ್ನೂ ನೆನಪಿಡಬೇಕು; ಸೆಮಾಡ್ಯೂಲ್‌ಗೆ ಡಿ ಮತ್ತು ಬಿ ದೊಡ್ಡಕ್ಷರದ ಆಯ್ಕೆ ಕೊಟ್ಟರೆ ಅವೂ ಕಾಣಿಸುತ್ತವೆ, ಹುಡುಕಾಟ ಮುಗಿದ ಮೇಲೆ ಬಿ ಒಂದನ್ನೇ ಕೊಟ್ಟು ಮತ್ತೆ ಮುಚ್ಚಬೇಕು. ಪರೀಕ್ಷೆಗೆ ಸೆಟ್‌ಎನ್‌ಫೋರ್ಸ್ 0 ಮಾಡಿ ತಡೆಯನ್ನೆಲ್ಲ ನಿಲ್ಲಿಸುವ ಅಭ್ಯಾಸವನ್ನೂ ಬಿಟ್ಟೆ, ಡವ್‌ಕಾಟ್ ಡೊಮೇನ್ ಒಂದನ್ನೇ ಪರ್ಮಿಸಿವ್ (ತಡೆಯದೆ ದಾಖಲಿಸುವ ಸ್ಥಿತಿ) ಮಾಡಲು ಬರುವಾಗ ಇಡೀ ಯಂತ್ರದ ಬಾಗಿಲು ತೆಗೆಯುವುದೇಕೆ?

ಈ ಒದ್ದಾಟವೆಲ್ಲ ನಡೆದಾಗ ಆ್ಯಪ್‌ಆರ್ಮರ್ ಯಂತ್ರ ಸುಮ್ಮನೆ ಕೆಲಸ ಮಾಡಿಕೊಂಡಿತ್ತು. ಒಂದು ದಿನ, ಅದರ ಕಾವಲಿನಲ್ಲಿ ಯಾವ ಪ್ರೋಗ್ರಾಂಗಳಿವೆ ಎಂದು ತೋರಿಸುವ ಎಎ-ಸ್ಟೇಟಸ್ ಓಡಿಸಿದೆ. ಪೋಸ್ಟ್‌ಫಿಕ್ಸಿನ ಹೆಸರು ಪಟ್ಟಿಯಲ್ಲೇ ಇಲ್ಲ. ಡವ್‌ಕಾಟ್‌ಗೆ ಪ್ರೊಫೈಲುಗಳಿದ್ದವು (ಪ್ರೋಗ್ರಾಂ ಏನು ಮಾಡಬಹುದೆಂಬ ನಿಯಮಗಳ ಪಟ್ಟಿ), ಕಂಪ್ಲೇನ್ ಸ್ಥಿತಿಯಲ್ಲಿ, ಅಂದರೆ ಬರೆದುಕೊಳ್ಳುತ್ತವೆ, ತಡೆಯುವುದಿಲ್ಲ. ಪ್ರೊಫೈಲ್ ಇಲ್ಲದ ಪ್ರೋಗ್ರಾಂ ಆ್ಯಪ್‌ಆರ್ಮರ್ ಪಾಲಿಗೆ ಸ್ವತಂತ್ರ. ನಾನು ಸಲೀಸು ಅಂದುಕೊಂಡದ್ದು ಕಾವಲೇ ಇಲ್ಲದ ನಿಶ್ಶಬ್ದ. ಅಲ್ಲಿಯವರೆಗಿನ ನನ್ನ ಹೋಲಿಕೆಯನ್ನೆಲ್ಲ ಆ ಸಂಜೆ ಬದಿಗಿಟ್ಟೆ.

ನ್ಯಾಯವಾಗಿ ಹೋಲಿಸಬೇಕೆಂದು ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡಕ್ಕೂ ಪ್ರೊಫೈಲ್ ಹಾಕಿ ಎನ್‌ಫೋರ್ಸ್‌ಗೆ, ಅಂದರೆ ನಿಜವಾಗಿ ತಡೆಯುವ ಸ್ಥಿತಿಗೆ, ತಂದೆ. ಆಗ ಆ್ಯಪ್‌ಆರ್ಮರಿನ ನಿಜವಾದ ಗುಣ ಕಾಣಿಸಿತು. ಪ್ರೊಫೈಲ್ ಎಂದರೆ ಓದಿದರೆ ಅರ್ಥವಾಗುವ ಒಂದು ಫೈಲು. ನಿರಾಕರಣೆಯ ಸಾಲಿನಲ್ಲಿ ಪ್ರೊಫೈಲಿನ ಹೆಸರು, ಫೈಲಿನ ಪೂರ್ತಿ ಪಾತ್, ಬೇಡಿದ ಅನುಮತಿ ಎಲ್ಲ ಒಟ್ಟಿಗೇ ಇರುತ್ತವೆ. ಎಸ್ಇಲಿನಕ್ಸಿನ ಸಾಲಿನಲ್ಲಿ ಬಹಳ ಸಲ ಬರೀ ಫೈಲಿನ ಹೆಸರು, ಐನೋಡ್ ಸಂಖ್ಯೆ, ಎರಡು ಉದ್ದನೆಯ ಲೇಬಲ್ ಸಿಗುತ್ತವೆ, ಉಳಿದದ್ದನ್ನು ನಾವೇ ಹುಡುಕಬೇಕು. ಮೇಲ್ ಡೈರೆಕ್ಟರಿ ಬದಲಿಸಿದ್ದನ್ನು ಡವ್‌ಕಾಟ್‌ನ ಟ್ಯೂನಬಲ್ ಫೈಲಿನಲ್ಲಿ ಒಂದು ಸಾಲು ಬರೆದು ತಿಳಿಸಿದೆ, ಪ್ರೊಫೈಲ್ ಮತ್ತೆ ಲೋಡ್ ಮಾಡಿದೆ, ಮುಗಿಯಿತು.

ಎಡವಿದ ಜಾಗಗಳು ಇಲ್ಲೂ ಇವೆ. ಹಳೆಯ ಪಾತಿನಿಂದ ಹೊಸ ಡಿಸ್ಕಿಗೆ ಸಿಮ್‌ಲಿಂಕ್ (ಇನ್ನೊಂದು ಜಾಗ ತೋರಿಸುವ ಕೊಂಡಿ) ಹಾಕಿದ್ದೆ. ಆ್ಯಪ್‌ಆರ್ಮರ್ ನೋಡುವುದು ಲಿಂಕ್ ಬಿಡಿಸಿದ ಮೇಲಿನ ಅಸಲು ಪಾತನ್ನು, ಹಾಗಾಗಿ ನಿಯಮವೂ ಅದಕ್ಕೇ ಬೇಕು. ಹೊಸದಾಗಿ ಹಾಕಿದ ಪ್ರೊಫೈಲ್ ಆಗಲೇ ಓಡುತ್ತಿದ್ದ ಪೋಸ್ಟ್‌ಫಿಕ್ಸನ್ನು ಹಿಡಿಯಲಿಲ್ಲ, ರೀಸ್ಟಾರ್ಟ್ ಮಾಡಬೇಕಾಯಿತು. ಆಡಿಟ್ ಲಾಗ್ ಬರೆಯುವ ಆಡಿಟ್ ಡೀಮನ್ ಇಲ್ಲದ ಕಾರಣ ನಿರಾಕರಣೆಗಳು ಕರ್ನಲ್ ಲಾಗಿಗೆ ಹೋಗುತ್ತಿದ್ದವು. ಒಮ್ಮೆಲೇ ಹೆಚ್ಚು ಬಂದಾಗ 'ಕಾಲ್‌ಬ್ಯಾಕ್ಸ್ ಸಪ್ರೆಸ್ಡ್' ಎಂಬ ಸಾಲು ಬಿಟ್ಟು ಉಳಿದವು ಕಳೆದೇ ಹೋದವು. ಲಾಗ್ ನೋಡಿ ಪ್ರೊಫೈಲ್ ತಿದ್ದುವ ಎಎ-ಲಾಗ್‌ಪ್ರೊಫ್ ಅರ್ಧ ಲಾಗ್ ಓದಿ ಅರ್ಧ ಪ್ರೊಫೈಲ್ ಕಟ್ಟಿತ್ತು. ಮೊದಲು ಆಡಿಟ್ ಡೀಮನ್ ಹಾಕಿಕೊಳ್ಳಿ, ಆಮೇಲೆ ಪ್ರೊಫೈಲ್ ಬರೆಯಲು ಕೂರಿ. ಇನ್ನು, ಮೇಲಿಗೆ ಸಹಿ ಹಾಕುವ ಡಿಕಿಮ್ ಪ್ರೋಗ್ರಾಂ ಜೊತೆ ಮಾತಾಡುವ ಸಾಕೆಟ್ ಸಿಗುತ್ತಿಲ್ಲವೆಂದು ನಾನು ಆ್ಯಪ್‌ಆರ್ಮರನ್ನು ದೂರುತ್ತಿದ್ದೆ, ದೋಷ ಅದರದ್ದಾಗಿರಲಿಲ್ಲ. ಲಾಗಿನಲ್ಲಿದ್ದದ್ದು 'ನೋ ಸಚ್ ಫೈಲ್'. ಪೋಸ್ಟ್‌ಫಿಕ್ಸ್ ತನ್ನ ಸ್ಪೂಲ್ ಡೈರೆಕ್ಟರಿಯೊಳಗೆ ಸಿಎಚ್‌ರೂಟ್ ಆಗಿತ್ತು, ಅಂದರೆ ಆ ಡೈರೆಕ್ಟರಿಯ ಹೊರಗಿನದು ಅದಕ್ಕೆ ಕಾಣುವುದಿಲ್ಲ; ಸಾಕೆಟ್ ಅದರ ಹೊರಗಿತ್ತು.

ಪೋಸ್ಟ್‌ಫಿಕ್ಸ್ ಒಂದೇ ಪ್ರೋಗ್ರಾಂ ಅಲ್ಲ, ಹತ್ತಾರು ಸಣ್ಣ ಪ್ರೋಗ್ರಾಂಗಳ ಸಂಸಾರ. ಅವುಗಳಿಗೆಲ್ಲ ಪ್ರೊಫೈಲ್ ಬರೆದು, ಅಪ್‌ಡೇಟ್ ಬಂದಾಗಲೆಲ್ಲ ತಿದ್ದುತ್ತಾ ಕೂರುವುದು ನನ್ನೊಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಎಸ್ಇಲಿನಕ್ಸಿನ ಟಾರ್ಗೆಟೆಡ್ ಪಾಲಿಸಿಯಲ್ಲಿ ಆ ಕೆಲಸವನ್ನು ಬೇರೆಯವರು ವರ್ಷಗಟ್ಟಲೆ ಕೂತು ಮಾಡಿಟ್ಟಿದ್ದಾರೆ. ನನಗೆ ಉಳಿದದ್ದು ಲೇಬಲ್ ಕಾಯುವುದಷ್ಟೇ. ಆದ್ದರಿಂದ ಮೇಲ್ ಈಗ ಎಸ್ಇಲಿನಕ್ಸ್ ಯಂತ್ರದಲ್ಲಿದೆ, ಬ್ಯಾಕಪ್ ಮಾಡುವಾಗ ಫೈಲು ನಕಲಿಸುವ ಆರ್‌ಸಿಂಕ್‌ಗೆ ದೊಡ್ಡಕ್ಷರದ ಎಕ್ಸ್ ಕೊಟ್ಟು ಲೇಬಲ್ಲುಗಳನ್ನೂ ಒಯ್ಯುತ್ತೇನೆ. ಆ್ಯಪ್‌ಆರ್ಮರ್ ಯಂತ್ರದಲ್ಲಿ, ಬಂದ ಮೇಲ್‌ಗಳ ಅಟ್ಯಾಚ್‌ಮೆಂಟ್ ಬಿಡಿಸಲು ನಾನೇ ಬರೆದ ಒಂದು ಪ್ರೋಗ್ರಾಂ ಓಡುತ್ತಿದೆ. ಅದರ ಪ್ರೊಫೈಲ್ ಹದಿನಾಲ್ಕು ಸಾಲು. ಒಂದು ಡೈರೆಕ್ಟರಿ ಓದಬಹುದು, ಇನ್ನೊಂದಕ್ಕೆ ಬರೆಯಬಹುದು, ನೆಟ್‌ವರ್ಕ್ ಮುಟ್ಟುವಂತಿಲ್ಲ.