ಡಬ್ಬದ ಮೇಲಿನ ‘4 ಗೇಜ್’ ನಂಬಿ ಕಾರಿಗೆ ಆಂಪ್ಲಿಫೈಯರ್ ಕೂರಿಸಬೇಡಿ

ಫ್ಯೂಸ್ ಹೋಗಿರಲಿಲ್ಲ, ಫ್ಯೂಸ್ ಹೋಲ್ಡರ್ ಮಾತ್ರ ಕರಗಿ ಕೂತಿತ್ತು. ಕಾರಿನಲ್ಲಿ ಆಂಪ್ಲಿಫೈಯರ್ ಹಾಕಿಸಿಕೊಳ್ಳುವ ಯೋಚನೆ ಇದ್ದವರು ಇದನ್ನೊಮ್ಮೆ ಓದಿಕೊಳ್ಳಿ.

ಕಾರು ಒಂದು ಮಾಮೂಲಿ ಹ್ಯಾಚ್‌ಬ್ಯಾಕ್. ಡಿಕ್ಕಿಯಲ್ಲಿ ಕ್ಲಾಸ್ ಡಿ ಬಗೆಯ ಮೋನೊಬ್ಲಾಕ್ (ಒಂದೇ ಚಾನೆಲ್‌ನ) ಆಂಪ್ಲಿಫೈಯರ್, ಅದರ ಮೈಮೇಲೆ 25 ಆಂಪಿಯರ್‌ನ ಎರಡು ಫ್ಯೂಸ್, ಜೊತೆಗೊಂದು ಸಬ್‌ವೂಫರ್. ವೈರಿಂಗ್‌ಗೆ ಬಳಸಿದ್ದು ಒಂದೇ ಡಬ್ಬದಲ್ಲಿ ಎಲ್ಲವೂ ಸಿಗುವ ರೆಡಿಮೇಡ್ ಕಿಟ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘4 ಗೇಜ್’, ‘2000 ವ್ಯಾಟ್’. (ಗೇಜ್ ಅಂದರೆ ವೈರಿನ ದಪ್ಪದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ವೈರ್ ದಪ್ಪ.) ಒಳಗೆ ಹೆಬ್ಬೆರಳು ದಪ್ಪದ ಕೆಂಪು ಕೇಬಲ್, ಗಾಜಿನ ಕೊಳವೆಯಂಥ 60 ಆಂಪಿಯರ್‌ನ ಎಜಿಯು ಫ್ಯೂಸ್, ಅದಕ್ಕೊಂದು ಪಾರದರ್ಶಕ ಪ್ಲಾಸ್ಟಿಕ್ ಹೋಲ್ಡರ್. ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಕೆಲವು ತಿಂಗಳಾದ ಮೇಲೆ ಅರ್ಧ ಗಂಟೆ ಹಾಡು ಹಾಕಿದರೆ ಆಂಪ್ಲಿಫೈಯರ್ ಪ್ರೊಟೆಕ್ಷನ್‌ಗೆ ಹೋಗತೊಡಗಿತು: ಕೆಂಪು ದೀಪ, ಸದ್ದು ಬಂದ್. ಆಂಪ್ಲಿಫೈಯರೇ ಕೆಟ್ಟಿದೆ ಎಂದು ಬೇರೆಯದನ್ನು ತಂದು ಹಾಕಿದರೂ ಅದೇ ಕಥೆ. ಕೊನೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗಲೇ ವೈರಿಂಗ್ ಕಡೆ ಕಣ್ಣು ಹೋದದ್ದು.

ಬಿಚ್ಚುವ ಮೊದಲು ಎಂಜಿನ್ ಚಾಲೂ ಇಟ್ಟು, ಟೆಸ್ಟ್ ಟೋನ್ ಹಾಕಿ ಅಳೆದರೆ ಬ್ಯಾಟರಿಯ ಮೇಲೆ 13.4 ವೋಲ್ಟ್, ಆಂಪ್ಲಿಫೈಯರ್ ಟರ್ಮಿನಲ್‌ನಲ್ಲಿ 11.5. ಆಗ ಹರಿಯುತ್ತಿದ್ದ ಕರೆಂಟ್ ಸುಮಾರು 50 ಆಂಪಿಯರ್. ನಡುವೆ ಮಾಯವಾದ 1.9 ವೋಲ್ಟ್ ಎಲ್ಲಿ ಹೋಯಿತು ಎಂದು ಒಂದೊಂದೇ ತುಂಡನ್ನು ಅಳೆದಾಗ, ಕೇಬಲ್‌ನಲ್ಲಿ 0.6, ಫ್ಯೂಸ್ ಹೋಲ್ಡರ್‌ನಲ್ಲಿ 0.5, ಬಾಡಿ ಅರ್ಥ್‌ನಲ್ಲಿ (ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳಲು ಕೊಟ್ಟ ಜೋಡಣೆಯಲ್ಲಿ) 0.8. ಈ ಮೂರೂ ಬೇರೆ ಬೇರೆ ರೋಗಗಳು.

ಹೋಲ್ಡರ್‌ನದ್ದು ಮೊದಲು. 0.5 ವೋಲ್ಟ್ ಅಂದರೆ ಕಡಿಮೆಯೇ ಅನ್ನಿಸಬಹುದು. ಆದರೆ 0.5 ವೋಲ್ಟ್ ಗುಣಿಸು 50 ಆಂಪಿಯರ್ ಅಂದರೆ 25 ವ್ಯಾಟ್ ಶಾಖ. ಒಂದು ಸಣ್ಣ ಸೋಲ್ಡರಿಂಗ್ ಐರನ್ ಅನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತುರುಕಿಟ್ಟ ಹಾಗೆ. ಎಜಿಯು ಫ್ಯೂಸ್‌ನ ಎರಡು ತುದಿಯ ಟೋಪಿಗಳನ್ನು ಹಿಡಿದಿಡುವುದು ಬರೀ ಸ್ಪ್ರಿಂಗ್ ಒತ್ತಡ. ಬಿಸಿಯಾದಷ್ಟೂ ಸ್ಪ್ರಿಂಗ್ ಸಡಿಲ, ಸಡಿಲವಾದಷ್ಟೂ ಬಿಸಿ ಹೆಚ್ಚು. ಫ್ಯೂಸ್ ಇದನ್ನು ತಡೆಯಲಾರದು, ಯಾಕೆಂದರೆ ಕರೆಂಟ್ ಮಿತಿ ದಾಟಿಯೇ ಇಲ್ಲ. ಅದರ ಲೆಕ್ಕದಲ್ಲಿ ಎಲ್ಲ ಸರಿಯಿದೆ. 30 ಆಂಪಿಯರ್ ದಾಟುವ ಕೆಲಸಕ್ಕೆ ಈ ಗಾಜಿನ ಫ್ಯೂಸ್ ಬೇಡವೇ ಬೇಡ. ಬೋಲ್ಟ್ ಹಾಕಿ ಬಿಗಿಯುವ ಎಎನ್‌ಎಲ್ ಅಥವಾ ಮಿನಿ ಎಎನ್‌ಎಲ್ ಫ್ಯೂಸ್ ಹಾಕಿ.

ಇನ್ನು ಕೇಬಲ್. ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಗಿನ ದಪ್ಪದಲ್ಲಿ ಅರ್ಧಕ್ಕರ್ಧ ಬರೀ ರಬ್ಬರಿನಂಥ ಹೊದಿಕೆ. ಒಳಗೆ 0.25 ಮಿಲಿಮೀಟರ್‌ನ 220 ಎಳೆ. ಒಟ್ಟು ಅಡ್ಡಕೊಯ್ತ 10.8 ಚದರ ಮಿಲಿಮೀಟರ್. ಎಡಬ್ಲ್ಯೂಜಿ (ಅಮೆರಿಕನ್ ವೈರ್ ಗೇಜ್) ಪ್ರಕಾರ 4 ಗೇಜ್ ಅಂದರೆ 21.15 ಚದರ ಮಿಲಿಮೀಟರ್ ಇರಬೇಕು, 8 ಗೇಜ್ ಅಂದರೆ 8.37. ಅಂದರೆ ಹೇಳಿದ್ದರ ಅರ್ಧ ಲೋಹವಷ್ಟೇ ಕೊಟ್ಟಿದ್ದಾರೆ. ಅದೂ ತಾಮ್ರವಲ್ಲ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಕೆಂಪು ಬಣ್ಣ ಎದ್ದುಹೋಗಿ ಬೆಳ್ಳಗೆ ಕಾಣಿಸಿತು. ಅಲ್ಯುಮಿನಿಯಂ ಎಳೆಗೆ ತಾಮ್ರದ ತೆಳು ಪದರ ಹೊದಿಸಿದ ಸಿಸಿಎ ವೈರ್ ಅದು. ಸಾಮಾನ್ಯ ಸಿಸಿಎ ಕರೆಂಟ್ ಒಯ್ಯುವುದರಲ್ಲಿ ತಾಮ್ರದ ಸುಮಾರು ಶೇ 65ರಷ್ಟೇ. 10.8ರಲ್ಲಿ ಶೇ 65 ಅಂದರೆ 7 ಚದರ ಮಿಲಿಮೀಟರ್ ತಾಮ್ರಕ್ಕೆ ಸಮ. ‘4 ಗೇಜ್’ ಹೆಸರಿನಲ್ಲಿ ಸಿಕ್ಕಿದ್ದು ಅಸಲಿ 8 ಗೇಜ್ ತಾಮ್ರಕ್ಕಿಂತಲೂ ಕಡಿಮೆ.

ಸಿಸಿಎ ಅಂದರೆ ಮೋಸ ಅಂತಲ್ಲ. ಅಳತೆ ಸಾಚಾ ಇದ್ದು, ಬೇಕಾದ ಗೇಜ್‌ಗಿಂತ ಎರಡು ಸಂಖ್ಯೆ ದಪ್ಪದ್ದನ್ನು ತೆಗೆದುಕೊಂಡರೆ ಕೆಲಸಕ್ಕೆ ಬರುತ್ತದೆ. 2 ಗೇಜ್ ಸಿಸಿಎ ಹತ್ತಿರ ಹತ್ತಿರ 4 ಗೇಜ್ ತಾಮ್ರಕ್ಕೆ ಸಮ. ಆದರೂ ಎಂಜಿನ್ ಪಕ್ಕ ಓಡುವ ಕೇಬಲ್‌ಗೆ ತಾಮ್ರವೇ ಇರಲಿ ಅನ್ನುತ್ತೇವೆ. ಅಲ್ಯುಮಿನಿಯಂ ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತಾ ಹೋಗುತ್ತದೆ, ಬಿಸಿಗೆ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಇವತ್ತು ಟೈಟ್ ಮಾಡಿದ ಸ್ಕ್ರೂ ಆರು ತಿಂಗಳಿಗೆ ಲೂಸ್. ತಾಮ್ರದ ಪದರ ಕೆರೆದುಹೋದ ಕಡೆ ತೇವ ತಗಲಿದರೆ ಎರಡು ಲೋಹದ ನಡುವೆ ತುಕ್ಕು ಬೇರೆ.

ಕೊಳ್ಳುವಾಗ ಪರೀಕ್ಷಿಸುವುದು ಹೇಗೆ? ‘ಓಎಫ್‌ಸಿ’ (ಆಕ್ಸಿಜನ್ ತೆಗೆದ ಶುದ್ಧ ತಾಮ್ರ) ಎಂದು ಬರೆದಿದೆಯೋ ನೋಡಿ, ಆದರೆ ಅಷ್ಟಕ್ಕೇ ಬಿಡಬೇಡಿ. ಎಡಬ್ಲ್ಯೂಜಿ ಸಂಖ್ಯೆಯಾಗಲಿ ಚದರ ಮಿಲಿಮೀಟರ್ ಆಗಲಿ ಇಲ್ಲದೆ ಬರೀ ‘ಗೇಜ್’ ಅಂತಿದ್ದರೆ ಅನುಮಾನಪಡಿ. ತುದಿಯ ಒಂದು ಎಳೆಯನ್ನು ಕೆರೆದು ನೋಡಿ. ಹೊರಗೆ ಬೆಳ್ಳಗಿದ್ದ ಮಾತ್ರಕ್ಕೆ ತಳ್ಳಿಹಾಕಬೇಡಿ, ತವರ ಲೇಪಿಸಿದ ಒಳ್ಳೆಯ ತಾಮ್ರವೂ ಹಾಗೇ ಕಾಣುತ್ತದೆ. ಕೆರೆದಾಗ ಒಳಗೆ ಕೆಂಪು ಸಿಗಬೇಕು, ಅಷ್ಟೇ. ಒಂದೇ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಲೈಟರ್ ಜ್ವಾಲೆಗೆ ಹಿಡಿದರೆ ತಾಮ್ರ ಕೆಂಪಗೆ ಕಾಯುತ್ತದೆ, ಸಿಸಿಎ ಬಾಗಿ ಜೋತುಬೀಳುತ್ತದೆ, ಅಲ್ಯುಮಿನಿಯಂ 660 ಡಿಗ್ರಿಗೇ ಕರಗುವ ಲೋಹ. ಎಲ್ಲಕ್ಕಿಂತ ನಂಬಿಕಸ್ಥ ಸಾಧನ ತಕ್ಕಡಿ. ಅಸಲಿ 4 ಗೇಜ್ ತಾಮ್ರ, ಹೊದಿಕೆ ಬಿಟ್ಟು, ಮೀಟರಿಗೆ ಸುಮಾರು 190 ಗ್ರಾಂ ತೂಗುತ್ತದೆ. ಹೊದಿಕೆಯೂ ಸೇರಿ 150 ಗ್ರಾಂ ತೂಗಿದರೆ ಮುಂದೆ ಮಾತಾಡುವುದೇನೂ ಇಲ್ಲ.

ಎಷ್ಟು ದಪ್ಪ ಬೇಕು ಅನ್ನುವುದಕ್ಕೆ ಡಬ್ಬದ ಮೇಲಿನ ವ್ಯಾಟ್ ನೋಡಬೇಡಿ. ‘ಮ್ಯಾಕ್ಸ್’ ವ್ಯಾಟ್ ಅನ್ನುವುದು ಸ್ಟಿಕ್ಕರ್ ಅಂಟಿಸುವವನ ಉದಾರತನ. ಆಂಪ್ಲಿಫೈಯರ್ ಮೇಲಿನ ಫ್ಯೂಸ್‌ಗಳನ್ನು ಕೂಡಿ: 25ರ ಎರಡು ಅಂದರೆ 50 ಆಂಪಿಯರ್. ಅದನ್ನು 13.8 ವೋಲ್ಟಿಗೆ ಗುಣಿಸಿ, ಕ್ಲಾಸ್ ಡಿ ಆದರೆ ಸುಮಾರು 0.8ರಿಂದ (ಎಳೆದ ಪವರ್‌ನಲ್ಲಿ ಸ್ಪೀಕರ್‌ಗೆ ತಲುಪುವ ಪಾಲು) ಗುಣಿಸಿ, 550 ವ್ಯಾಟ್ ಬರುತ್ತದೆ. ಅದಕ್ಕಿಂತ ಹೆಚ್ಚು ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ಪವರ್) ಅದರಿಂದ ಬರುವ ಮಾತಿಲ್ಲ. ಕ್ಲಾಸ್ ಎಬಿ ಆದರೆ 0.8ರ ಬದಲು 0.5ರಿಂದ 0.6, ಅಂದರೆ ಅದೇ ಸದ್ದಿಗೆ ಹೆಚ್ಚು ಕರೆಂಟ್, ಇನ್ನೂ ದಪ್ಪ ಕೇಬಲ್.

ಕರೆಂಟ್ ಗೊತ್ತಾದ ಮೇಲೆ ಉದ್ದ. ಬ್ಯಾಟರಿಯಿಂದ ಡಿಕ್ಕಿಗೆ ವೈರ್ ಹೋಗುವ ಹಾದಿಯಲ್ಲೇ ಹಗ್ಗ ಹಾಯಿಸಿ ಅಳೆಯಿರಿ, ಚಿಕ್ಕ ಕಾರಿನಲ್ಲೂ 5 ಮೀಟರ್ ಆಗಿಬಿಡುತ್ತದೆ. ಶುದ್ಧ ತಾಮ್ರದ 4 ಗೇಜ್‌ಗೆ ಮೀಟರಿಗೆ ಸುಮಾರು 0.8 ಮಿಲಿಓಮ್, 8 ಗೇಜ್‌ಗೆ 2.1. 5 ಮೀಟರ್, 50 ಆಂಪಿಯರ್ ಲೆಕ್ಕಕ್ಕೆ 4 ಗೇಜ್‌ನಲ್ಲಿ 0.2 ವೋಲ್ಟ್ ಹೋಗುತ್ತದೆ, 8 ಗೇಜ್‌ನಲ್ಲಿ 0.5. ಪ್ಲಸ್, ಫ್ಯೂಸ್, ಅರ್ಥ್ ಎಲ್ಲ ಸೇರಿ ಅರ್ಧ ವೋಲ್ಟ್ ಮೀರಬಾರದು ಎಂದಿಟ್ಟುಕೊಂಡರೆ ಈ ಕಾರಿಗೆ 4 ಗೇಜ್ ತಾಮ್ರವೇ ಸರಿ. 8 ಗೇಜ್ ಹಾಕಿದರೆ ಕೇಬಲ್ ಒಂದೇ ಆ ಅರ್ಧ ವೋಲ್ಟ್ ತಿಂದು ಮುಗಿಸುತ್ತದೆ. ವೋಲ್ಟೇಜ್ ಇಳಿದರೆ ಏನು ಮಹಾ ಅನ್ನಬೇಡಿ. ಬಹುಪಾಲು ಆಂಪ್ಲಿಫೈಯರ್‌ಗಳಲ್ಲಿ ಪವರ್ ಸಪ್ಲೈ ರೆಗ್ಯುಲೇಟೆಡ್ (ಬರುವ ವೋಲ್ಟೇಜ್ ಇಳಿದರೂ ಔಟ್‌ಪುಟ್ ಸ್ಥಿರವಾಗಿಡುವಂಥದ್ದು) ಅಲ್ಲ. 13.4ರ ಬದಲು 11.5 ಸಿಕ್ಕರೆ ಔಟ್‌ಪುಟ್‌ನಲ್ಲಿ ಕಾಲು ಭಾಗದಷ್ಟು ಖೋತಾ. ರೆಗ್ಯುಲೇಟೆಡ್ ಆಗಿದ್ದರೆ ಕೊರತೆ ತುಂಬಲು ಇನ್ನಷ್ಟು ಕರೆಂಟ್ ಎಳೆದು ವೈರನ್ನು ಮತ್ತಷ್ಟು ಕಾಯಿಸುತ್ತದೆ.

ಅರ್ಥ್ ವಿಷಯಕ್ಕೆ ಬಂದರೆ, ಈ ಕಾರಿನಲ್ಲಿ ಕಪ್ಪು ವೈರನ್ನು ಹಿಂದಿನ ಸೀಟಿನ ಬೋಲ್ಟಿಗೆ, ಪೇಂಟ್ ಕೆರೆಯದೆ, ಹಾಗೇ ಸುತ್ತಿ ಬಿಗಿದಿದ್ದರು. ಅತಿ ಹೆಚ್ಚು ವೋಲ್ಟೇಜ್ ನುಂಗಿದ್ದು ಇದೇ ಜಾಗ, ಮತ್ತು ಸರಿಪಡಿಸಲು ಅತಿ ಸುಲಭವಾದದ್ದೂ ಇದೇ. ಪ್ಲಸ್ ವೈರ್ ಎಷ್ಟು ದಪ್ಪವೋ ಅರ್ಥ್ ವೈರೂ ಅಷ್ಟೇ ದಪ್ಪ, ಉದ್ದ 45 ಸೆಂಟಿಮೀಟರ್ ಒಳಗೆ. ಬಾಡಿಗೆ ವೆಲ್ಡ್ ಆದ ಗಟ್ಟಿ ತಗಡಿನ ಜಾಗ ಹುಡುಕಿ, ಹಿಂಭಾಗದಲ್ಲಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಇಲ್ಲವೆಂದು ಕೆಳಗೆ ಬಗ್ಗಿ ನೋಡಿ ಆಮೇಲೆ ಡ್ರಿಲ್ ಹಿಡಿಯಿರಿ. ಲೋಹ ಹೊಳೆಯುವವರೆಗೆ ಪೇಂಟ್ ಉಜ್ಜಿ, ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಲಗ್, ಅಂದರೆ ಬೋಲ್ಟಿಗೆ ಸಿಗಿಸುವ ಉಂಗುರದ ತುದಿ, ಸ್ಟಾರ್ ವಾಷರ್, ಬೋಲ್ಟ್, ನಟ್. ಬಿಗಿದ ಮೇಲೆ ಮೇಲಿನಿಂದ ಪೇಂಟ್ ಹಚ್ಚಿ, ಇಲ್ಲವಾದರೆ ತುಕ್ಕು. ಸೀಟ್ ಬೆಲ್ಟ್ ಬೋಲ್ಟನ್ನು ಮಾತ್ರ ಮುಟ್ಟಲೇಬೇಡಿ. ಹೊಸ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕಂಬಕ್ಕೆ ಕರೆಂಟ್ ಸೆನ್ಸರ್ ಇರುವುದುಂಟು. ಅಂಥಲ್ಲಿ ನೇರ ಕಂಬಕ್ಕೆ ಅರ್ಥ್ ಕೊಟ್ಟರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೇ ಬರುವುದಿಲ್ಲ.

ಬಿಚ್ಚಿದಾಗ ಕಂಡ ಇನ್ನೊಂದು ಸಂಗತಿ ಮೈ ಜುಮ್ಮೆನ್ನಿಸುವಂಥದ್ದು. ಫ್ಯೂಸ್ ಹೋಲ್ಡರ್ ಇದ್ದದ್ದು ಕಾರಿನ ಒಳಗೆ, ಡ್ಯಾಶ್‌ಬೋರ್ಡಿನ ಕೆಳಗೆ. ಬ್ಯಾಟರಿಯಿಂದ ಅಲ್ಲಿಯವರೆಗಿನ ಕೇಬಲ್‌ಗೆ ಯಾವ ರಕ್ಷಣೆಯೂ ಇಲ್ಲ, ಮೇಲಾಗಿ ಫೈರ್‌ವಾಲ್ (ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ತಗಡು) ತೂತಿಗೆ ರಬ್ಬರ್ ಗ್ರೊಮೆಟ್ (ಅಂಚಿಗೆ ಹಾಕುವ ಬಳೆ) ಕೂಡ ಹಾಕಿರಲಿಲ್ಲ. ತಗಡಿನ ಅಂಚು ಹೊದಿಕೆಯನ್ನು ಆಗಲೇ ಅರ್ಧ ಕೊರೆದಿತ್ತು. ಪೂರ್ತಿ ಕೊರೆದಿದ್ದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿದು ಕಾರೇ ಹೊತ್ತಿಕೊಳ್ಳಬಹುದಿತ್ತು. ಈ ಫ್ಯೂಸ್ ಇರುವುದು ಕೇಬಲ್ ಕಾಯಲು, ಆಂಪ್ಲಿಫೈಯರ್ ಕಾಯಲು ಅಲ್ಲ. ಅದರ ಜಾಗ ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೆ. 4 ಗೇಜ್ ತಾಮ್ರ, 50 ಆಂಪಿಯರ್ ಆಂಪ್ಲಿಫೈಯರ್ ಇದ್ದರೆ 60 ಅಥವಾ 80ರ ಫ್ಯೂಸ್ ಸಾಕು. ಕಿಟ್‌ನಲ್ಲಿ ಬಂತೆಂದು 150 ಹಾಕಬೇಡಿ.

ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಬಾಗಿಲ ಪಟ್ಟಿಯಡಿ ವೈರ್ ಎಳೆಯುವಾಗ ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದ್ದು, ದೂರವಿರಿ. ದಪ್ಪ ಕೇಬಲ್‌ಗೆ ತವರ ಲೇಪಿಸಿದ ತಾಮ್ರದ ಲಗ್ ಹಾಕಿ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿ, ಇಕ್ಕಳದಲ್ಲಿ ಚಪ್ಪಟೆ ಮಾಡಿದ್ದು ಕ್ರಿಂಪ್ ಅಲ್ಲ. ಆಂಪ್ಲಿಫೈಯರ್‌ನ ಸ್ಕ್ರೂ ಟರ್ಮಿನಲ್‌ಗೆ ಬಿಡಿ ಎಳೆ ತುರುಕಿದರೆ ಸ್ಕ್ರೂ ತುದಿ ಎಳೆಗಳನ್ನು ಕತ್ತರಿಸುತ್ತದೆ, ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಟೋಪಿ) ಹಾಕಿ. ಎಳೆ ಹೆಚ್ಚಾಯಿತು, ತೂತಿಗೆ ಹಿಡಿಸುತ್ತಿಲ್ಲ ಎಂದು ಕೆಲವನ್ನು ಕತ್ತರಿಸಿ ಬಿಸಾಡುವವರೂ ಇದ್ದಾರೆ! ಅದಕ್ಕೆಂದೇ ದಪ್ಪ ಇಳಿಸುವ ಅಡಾಪ್ಟರ್ ಸಿಗುತ್ತದೆ.

ಸ್ಪೀಕರ್ ವೈರ್‌ಗೆ ಇಷ್ಟೆಲ್ಲ ತಲೆಬಿಸಿ ಬೇಡ. 4 ಓಮ್ ಸ್ಪೀಕರ್‌ಗೆ 100 ವ್ಯಾಟ್ ಅಂದರೆ 5 ಆಂಪಿಯರ್, 16 ಗೇಜ್ ತಾಮ್ರ ಧಾರಾಳ. 1 ಓಮ್ ಸಬ್‌ವೂಫರ್‌ಗೆ 500 ವ್ಯಾಟ್ ಕೊಡುತ್ತಿದ್ದರೆ ಮಾತ್ರ 22 ಆಂಪಿಯರ್ ದಾಟುತ್ತದೆ, ಅಲ್ಲಿ 12 ಗೇಜ್. ರಿಮೋಟ್ ವೈರ್‌ಗೆ (ಸ್ಟೀರಿಯೊ ಆನ್ ಆದಾಗ ಆಂಪ್ಲಿಫೈಯರನ್ನೂ ಆನ್ ಮಾಡುವ ವೈರ್) 18 ಗೇಜ್.

ಎಲ್ಲ ಜೋಡಿಸಿದ ಮೇಲೆ ಅರ್ಧ ಗಂಟೆ ಜೋರಾಗಿ ಹಾಡು ಹಾಕಿ, ಫ್ಯೂಸ್ ಹೋಲ್ಡರ್, ಅರ್ಥ್ ಲಗ್, ಆಂಪ್ಲಿಫೈಯರ್ ಟರ್ಮಿನಲ್ ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಆ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಮಾಡಿ. ಒಂದು ತಿಂಗಳಾದ ಮೇಲೆ ಎಲ್ಲ ಸ್ಕ್ರೂಗಳನ್ನೂ ಇನ್ನೊಂದು ಸುತ್ತು ಬಿಗಿಯಿರಿ.