ಜೀಪಿನ ಮೀಟರ್ ದುರಸ್ತಿಗೆ ಒದಗಿದ ಡಿಟಿ-830ಡಿ ಮಲ್ಟಿಮೀಟರ್

ಕಾಫಿ ತೋಟಕ್ಕೆ ಬಳಸುವ ನಮ್ಮ ಹಳೆಯ ಜೀಪು, ಅರ್ಧ ಟ್ಯಾಂಕ್ ಡೀಸೆಲ್ ಇದೆಯೆಂದು ಮುಳ್ಳು ತೋರಿಸುತ್ತಿರುವಾಗಲೇ ಸುಂಟಿಕೊಪ್ಪದ ಬಳಿ ಡೀಸೆಲ್ ಖಾಲಿಯಾಗಿ ನಿಂತಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೂಡ ಕಾರಣವಿಲ್ಲದೆ ಮೇಲೇರುತ್ತಿತ್ತು. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವವರು ಈ ಎರಡು ಮುಳ್ಳುಗಳನ್ನು ನಂಬಲೇಬೇಕು. ಮೀಟರ್ ಬೋರ್ಡನ್ನೇ ಬದಲಿಸಬೇಕೆಂದು ವರ್ಕ್‌ಶಾಪ್‌ನಲ್ಲಿ ಹೇಳಿದ್ದರಿಂದ, ಮೊದಲು ಮನೆಯಲ್ಲೇ ಪರೀಕ್ಷಿಸಲು ವೋಲ್ಟೇಜ್, ಓಮ್ ಮುಂತಾದವನ್ನು ಅಳೆಯುವ ಈ ಮಲ್ಟಿಮೀಟರನ್ನು ಕುಶಾಲನಗರದಲ್ಲಿ ಕೊಂಡೆ.

ಎರಡು ಮುಳ್ಳುಗಳೂ ಒಟ್ಟಿಗೆ ಹೆಚ್ಚು ತೋರಿಸಿದರೆ, ಅವೆರಡಕ್ಕೂ ವಿದ್ಯುತ್ ಒದಗಿಸುವ ರೆಗ್ಯುಲೇಟರನ್ನು ಸಂದೇಹಿಸಬೇಕು. ಹಳೆಯ ಬೈಮೆಟಲ್ (ಎರಡು ಲೋಹಗಳ ಪಟ್ಟಿಯ) ರೆಗ್ಯುಲೇಟರ್ ತನ್ನೊಳಗಿನ ಪಟ್ಟಿ ಬಿಸಿಯಾಗಿ ಬಾಗಿದಾಗ ವಿದ್ಯುತ್ತನ್ನು ಕಡಿದು, ತಣ್ಣಗಾದಾಗ ಮತ್ತೆ ಬಿಡುತ್ತದೆ. ಅದಕ್ಕೆ ಅರ್ಥ್, ಅಂದರೆ ಜೀಪಿನ ಲೋಹದ ಮೈ ಮೂಲಕ ಬ್ಯಾಟರಿಯ ಮೈನಸ್‌ಗೆ ಸಂಪರ್ಕ, ಸಿಗದಿದ್ದರೆ ಪಟ್ಟಿ ಬಿಸಿಯಾಗುವುದಿಲ್ಲ, ಬ್ಯಾಟರಿಯ ಪೂರ್ಣ ವೋಲ್ಟೇಜ್ ನೇರವಾಗಿ ಮುಳ್ಳುಗಳಿಗೆ ಹೋಗುತ್ತದೆ. ಕೀಲಿ ತಿರುಗಿಸಿ, 20 ವೋಲ್ಟ್ ಡಿಸಿ ಶ್ರೇಣಿಯಲ್ಲಿ ರೆಗ್ಯುಲೇಟರಿನ ಕವಚಕ್ಕೂ ಬ್ಯಾಟರಿಯ ಮೈನಸ್‌ಗೂ ನಡುವೆ ಅಳೆದಾಗ, ಸೊನ್ನೆಯ ಹತ್ತಿರ ಇರಬೇಕಾದ ಕಡೆ ಹಲವು ವೋಲ್ಟ್ ಕಂಡಿತು. ನಮ್ಮ ಮಳೆಗಾಲದ ತೇವಕ್ಕೆ ಅರ್ಥ್ ಸ್ಕ್ರೂ ಹಸಿರು ಕಿಲುಬು ಹಿಡಿದಿತ್ತು. ಬ್ಯಾಟರಿಯ ವೈರ್ ಕಳಚಿ, ಸ್ಕ್ರೂ ಉಜ್ಜಿ ಬಿಗಿದು, ಜೀಪಿನ ಲೋಹದ ಮೈಗೆ ಇನ್ನೊಂದು ವೈರ್ ಎಳೆದೆ. ಎರಡು ಮುಳ್ಳುಗಳೂ ಸರಿಯಾದವು.

ಈ ಮಲ್ಟಿಮೀಟರ್ ಮಾಡಿಕೊಟ್ಟ ಕೆಲಸ ದೊಡ್ಡದು. ವೈರ್ ಸರಿಯಿದ್ದರೆ ಸದ್ದು ಮಾಡುವ ಬಜರ್ ಇರುವುದರಿಂದ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿಕೊಂಡೇ ವೈರ್ ತುಂಡಾಗಿದೆಯೇ ಎಂದು ತಿಳಿಯಬಹುದು. ಆದರೆ ರೆಗ್ಯುಲೇಟರ್ ವಿದ್ಯುತ್ತನ್ನು ಬಿಟ್ಟು ಬಿಟ್ಟು ಕೊಡುವುದರಿಂದ ಅದರ ಹೊರಹರಿವನ್ನು ಅಳೆಯುವಾಗ ಅಂಕಿಗಳು ಒಂದು ಕಡೆ ನಿಲ್ಲುವುದಿಲ್ಲ. ಅಲ್ಲಿ ಹಳೆಯ ಮುಳ್ಳಿನ ಮಲ್ಟಿಮೀಟರೇ ಮೇಲು. ಟ್ಯಾಂಕಿನಲ್ಲಿ ತೇಲುತ್ತಾ ಡೀಸೆಲ್ ಮಟ್ಟ ತಿಳಿಸುವ ಫ್ಲೋಟ್ ಯೂನಿಟ್ಟಿನ ಓಮ್ ನೋಡುವ ಮುನ್ನ ಮಲ್ಟಿಮೀಟರಿನ ಎರಡು ಪ್ರೋಬ್‌ಗಳನ್ನು (ಅಳೆಯುವ ಕಡ್ಡಿಗಳನ್ನು) ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಆಮೇಲಿನ ಅಳತೆಯಿಂದ ಕಳೆಯಬೇಕು. ವೈರ್‌ಗಳು ತೆಳ್ಳಗಿವೆ, ಪ್ರೋಬ್‌ಗಳ ತುದಿ ಮೊಂಡಾಗಿದೆ. ಇವನ್ನು ನಾನು ಬದಲಿಸಿದ್ದೇನೆ. ಗಂಭೀರ ಕೊರತೆ ಇನ್ನೊಂದಿದೆ: 10 ಆಂಪಿಯರ್‌ವರೆಗಿನ ಕರೆಂಟ್ ಅಳೆಯುವ ಸಾಕೆಟ್ಟಿಗೆ ಫ್ಯೂಸ್ ಇಲ್ಲ. ಕೆಂಪು ವೈರ್ ಅದರಲ್ಲಿರುವಾಗ ಮರೆತು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ. ಆದ್ದರಿಂದ ಆ ಸಾಕೆಟ್ಟಿಗೆ ನಾನು ಟೇಪ್ ಅಂಟಿಸಿದ್ದೇನೆ.